ಹದಿನೇಳನೆಯ ಕಿತ್ತಳೆ

ತಲಶ್ಶೇರಿ ಬಿಟ್ಟು ಮಾಕುಟ್ಟದ ತಿರುವುಗಳನ್ನು ಹತ್ತಿ
ವಿರಾಜಪೇಟೆಗೆ ಬರುವ ಮೀನಿನ ಗಾಡಿಯಲ್ಲಿ
ಮತ್ತಿ ಅಯಿಲೆಗಳ ಮಗ್ಗುಲಲ್ಲಿ
ಐಸಿನ ಮೇಲೆ ಮುದುಡಿ ಬಂತು ಕೆಂಪು ಕಡಲಪಾಚಿ.
‘ಇದಕ್ಕೆ ಉಪ್ಪು ಹುಳಿ ಏನು ಹಾಕ್ತೀರಿ?’
ಮೊಯ್ದು ನಕ್ಕು ತೂಗಿಕೊಟ್ಟ: ಎರಡು ಕಿಲೋ ಮುನ್ನೂರು.
ಅದರಲ್ಲಿ ಮರಳೆಷ್ಟು, ಚಿಪ್ಪಿನ ಚೂರೆಷ್ಟು,
ಇಳಿಯಲೊಪ್ಪದ ಸಮುದ್ರವೆಷ್ಟು, ಲೆಕ್ಕವಿಲ್ಲ.

ಕೆಂಪು ಅನ್ನುತ್ತದೆ ಪಠ್ಯ.
ನನಗೆ ಕಂಡದ್ದು ಅಜ್ಜನ ಚೇಲೆ
ಪೆಟ್ಟಿಗೆಯೊಳಗೆ ಮಡಿಕೆಯ ಗೆರೆಯುದ್ದಕ್ಕೂ
ತಿರುಗಿಕೊಂಡ ಬಣ್ಣ.

ಕಾಲೇಜಿನ ಹಿಂದೆ, ಮೊದಲು ಸೈಕಲ್ ಶೆಡ್ಡಾಗಿದ್ದ ಪ್ರಯೋಗಶಾಲೆ.
ಮೂರು ನೀರಲ್ಲಿ ತೊಳೆದು ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದೆವು,
ಎಂಬತ್ತೈದು ಡಿಗ್ರಿ, ಎರಡು ಗಂಟೆ.
ಕಣ್ಣಿಗೆ ಕಾಣದೆ ನಡೆದದ್ದು ಹೀಗೆ:
ಸಕ್ಕರೆಯ ಉಂಗುರಕ್ಕೆ ಉಂಗುರ ಕೋದ ಉದ್ದನೆ ಸರ,
ಅಲ್ಲಲ್ಲಿ ಆರನೆಯ ಇಂಗಾಲಕ್ಕೆ ಗಂಧಕದ ಗಂಟು.
ಗಂಟಿದ್ದಲ್ಲಿ ಸರ ಸೊಟ್ಟ; ಸೊಟ್ಟ ಸರ ಹೆಣೆದುಕೊಳ್ಳದು.
ಕ್ಷಾರ ಗಂಟನ್ನು ಕಿತ್ತು
ಮೂರನೆಯದರಿಂದ ಆರನೆಯದಕ್ಕೆ
ಆಮ್ಲಜನಕದ ಕಾಲುಸಂಕ ಹಾಕುತ್ತದೆ.

ಆಮೇಲೆ ಬರೀ ನೀರಲ್ಲಿ ಕುದಿಸುವ ಸರದಿ.
ಸೈನಬಾ ಮೂಗು ಮುಚ್ಚದೆ ಕಲಕುತ್ತಲೇ ಇದ್ದಳು.
‘ನೋಂಬು ಬಿಡುವ ಹೊತ್ತಿಗೆ ನಮ್ಮುಮ್ಮ ಇಂಥದನ್ನೇ
ಹಾಲು, ಏಲಕ್ಕಿ ಹಾಕಿ ಕಾಸಿ ತಟ್ಟೆಗೆ ಸುರೀತಾಳೆ.
ಅವಳು ಡಿಗ್ರಿ ನೋಡಲ್ಲ. ಸೌಟಿನ ಬೆನ್ನು ನೋಡ್ತಾಳೆ.’
ಸೌಟಿನ ಬೆನ್ನು ನೋಡಿದೆ.
ಹೌದು, ಆಗಿತ್ತು.

ಬಿಸಿಯಲ್ಲೇ ಬಟ್ಟೆಗೆ ಸೋಸಿ, ತಣಿದ ಗಡ್ಡೆಯನ್ನು
ಫ್ರೀಜರಿಗಿಟ್ಟ ಮೂರನೆಯ ರಾತ್ರಿ
ತಿತಿಮತಿ ಕಡೆ ಆನೆಯೊಂದು ಹಲಸಿನ ಮರಕ್ಕೆ ಮೈ ಉಜ್ಜಿತಂತೆ.
ಮರ ತಂತಿಗೆ ಬಿತ್ತು. ಊರೆಲ್ಲ ಕತ್ತಲೆ.
ಬೆಳಗಾದರೆ ನೆಲದ ಮೇಲೆ ಕಂದು ನೀರಿನ ತೋಡು;
ಒಂದು ತಿಂಗಳ ಕೆಲಸ ಒರೆಸುವ ಬಟ್ಟೆಯ ಪಾಲು
ಎಂದುಕೊಂಡು ಬಕೆಟ್ ತಂದೆ.
ಬಾಗಿಲು ತೆಗೆದ ಸೈನಬಾ ಮಾತಾಡಲಿಲ್ಲ.
ತಟ್ಟೆಯಲ್ಲಿ ಖಾಲಿ ಜೇನುಹುಟ್ಟಿನಷ್ಟು ಹಗುರದ ಬಿಳಿ ಹಾಳೆ:
ಉಪ್ಪು ಹೋಗಿತ್ತು, ಬಣ್ಣ ಹೋಗಿತ್ತು,
ಮೊಯ್ದುವಿನ ಗಾಡಿಯ ವಾಸನೆಯೂ.
ಪ್ರಬಂಧದಲ್ಲಿ ಆನೆಯ ಹೆಸರೂ ಸೇರಿಸಬೇಕು, ಅಂದಳು.
ಗೊತ್ತಿದ್ದರೆ ಸೇರಿಸುತ್ತಿದ್ದೆ.

ಆದರೆ ಕಿತ್ತಳೆಯ ಮೈಗೆ ಬಳಿದು ಒಣಗಿಸಿದಾಗ
ಆ ಶುದ್ಧ, ಆ ಗಟ್ಟಿ ಪೊರೆ
ಬೇಸಿಗೆಯ ಕೆರೆಯ ತಳದಂತೆ ಬಿರಿಯಿತು.
ಹಾಗಾಗಿ ಮತ್ತೆ ಕ್ಷಾರ, ಮತ್ತೆ ಕಾವು,
ಕಡುಕಂದು ಬಾಟಲಿಯಿಂದ ಕ್ಲೋರೋಅಸಿಟಿಕ್ ಆಮ್ಲ
ಹನಿಗೊಂದು ಎಣಿಕೆ.
ಸರದ ಕೊಕ್ಕೆಗಳಿಗೆ ಪುಟ್ಟ ಬಾಲಗಳು ಹುಟ್ಟಿ
ನೀರನ್ನು ಹಿಡಿದುಕೊಳ್ಳಬೇಕು, ಬಾಗಬೇಕು.
ಬಾಲ ಹೆಚ್ಚಾದರೆ ಕೂಡಿ ನಿಲ್ಲುವುದೇ ಮರೆತುಹೋಗುತ್ತದೆ.
ನಾಲ್ಕು ಸಲ ಗಂಜಿ.
ಐದನೆಯ ಸಲ ಸ್ಪಿರಿಟ್ಟಿನೊಳಗೆ
ನೂಪುಟ್ಟಿನ ಎಳೆಗಳಂತೆ ಬೆಳ್ಳಗೆ ಇಳಿಯಿತು.

ಕಾಕೋಟುಪರಂಬಿನ ಚೀಯವ್ವತ್ತೆಯ ತೋಟದಲ್ಲಿ
ರೋಗ ಬಿಟ್ಟು ಉಳಿಸಿದ್ದು ಆರೇ ಗಿಡ.
ನಲವತ್ತು ಹಣ್ಣು ಕೊಟ್ಟಳು, ಎಣಿಸಿ;
‘ವಾಪಸು ಬೇಡ, ಹೇಗಾಯ್ತು ಹೇಳು ಸಾಕು.’
ಇಪ್ಪತ್ತಕ್ಕೆ ಸಮುದ್ರದ ಅಂಗಿ, ಇಪ್ಪತ್ತು ಹಾಗೇ.
ದಿನಾ ತೂಕ. ಹನ್ನೆರಡನೆಯ ದಿನ
ಬರಿಮೈಯವು ಕೆನ್ನೆ ಬಿಟ್ಟುಕೊಂಡವು.
ಇಪ್ಪತ್ತೊಂದನೆಯ ದಿನ
ಅಂಗಿ ತೊಟ್ಟವು ಹತ್ತೊಂಬತ್ತು, ಇನ್ನೂ ಹೊಳೆಯುತ್ತಾ.

ಹದಿನೇಳನೆಯದು ಎಲ್ಲಿ?
ರಾತ್ರಿ ಕಾವಲಿನ ಐತು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.
‘ಹಸಿವೇನಿರಲಿಲ್ಲ ಮೇಡಂ. ಅಷ್ಟು ದಿನದಿಂದ ನೋಡ್ತಾ ಇದ್ದೆ.
ಸಿಪ್ಪೆ ಸಲೀಸಾಗಿ ಬಂತು.
ಸಮುದ್ರ ಗಿಮುದ್ರ ಏನೂ ಗೊತ್ತಾಗ್ಲಿಲ್ಲ.’

ತೂಕದ ಕಾಲಮ್ಮಿನಲ್ಲಿ ಅಡ್ಡಗೀಟು ಎಳೆದೆ.
ಷರಾ: ರಸವಿತ್ತೇ ಎಂದು ಕೇಳಲಾಗಿ,
ಇತ್ತು.